ಮುಂದಿನ ಶಾಕ್ ಮತ್ತೆ ಮತ್ತೆ ಸೋರುತ್ತಿದೆಯೇ? ಬೈಕ್ ಸಸ್ಪೆನ್ಶನ್ ಬಿಚ್ಚಿ, ಕಟ್ಟಿ, ಹೊಂದಿಸುವ ಸಮಗ್ರ ಮಾರ್ಗದರ್ಶಿ

"ಸೀಲ್ ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಆಯಿಲ್ ಇಳೀತಿದೆ." "ಗಟ್ಟಿ ಇರಲಿ ಅಂತ ದಪ್ಪ ಆಯಿಲ್ ಹಾಕಿಸಿದೆ, ಈಗ ಸಣ್ಣ ಗುಂಡಿಗೂ ಮಣಿಕಟ್ಟು ನೋಯುತ್ತೆ." "ಹಿಂದಿನ ಶಾಕ್ ಪೂರ್ತಿ ಟೈಟ್ ಮಾಡಿದ ಮೇಲೆ ಘಾಟಿ ತಿರುವಲ್ಲಿ ಗಾಡಿ ಕುಣಿಯುತ್ತೆ." ಮಲೆನಾಡಿನ ರಸ್ತೆಗಳಲ್ಲಿ ಓಡಿಸುವವರಿಂದ ಮಳೆಗಾಲ ಕಳೆದ ಮೇಲೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಇವೇ. ಹಾಕಿದ ಬಿಡಿಭಾಗ ಬಹಳ ಸಲ ಒಳ್ಳೆಯದೇ ಇರುತ್ತದೆ, ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಅಳೆಯದೆ ಸ್ಪ್ರಿಂಗ್ ಬದಲಿಸುತ್ತಾರೆ, ಪೈಪ್ ನೋಡದೆ ಸೀಲ್ ಹೊಡೆಯುತ್ತಾರೆ, ಆಕ್ಸಲ್ ಸರಿಯಾಗಿ ಕೂರಿಸದೆ ಆಯಿಲನ್ನು ಬೈಯುತ್ತಾರೆ.

ಇಲ್ಲಿ ಹೇಳುವುದು ಸಾಮಾನ್ಯ ಟೆಲಿಸ್ಕೋಪಿಕ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ, ಒಂದರೊಳಗೊಂದು ಜಾರುವ ಕೊಳವೆಗಳ ಎರಡು ಕಾಲು) ಇರುವ ಗಾಡಿಗಳಿಗೆ: ಹೀರೋ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಕ್ಲಾಸಿಕ್ 350 ಮುಂತಾದವು. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್ ಥರದ ತಲೆಕೆಳಗಾದ ಫೋರ್ಕ್‌ಗಳ ಒಳರಚನೆಯೇ ಬೇರೆ. ಅವನ್ನು ಇದನ್ನು ನೋಡಿಕೊಂಡು ಬಿಚ್ಚಬೇಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮೂರನೇ ಹಂತದಿಂದ ಮುಂದಕ್ಕೆ ಹೋಗುವ ಮುನ್ನ ಎರಡು ಸಲ ಯೋಚಿಸಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಟಾರ್ಕ್ ರೆಂಚ್, ಉದ್ದ ಕೈಯ ಆಲನ್ ಕೀ, ಸರ್ಕ್ಲಿಪ್ (ಸೀಲನ್ನು ಹಿಡಿದಿಡುವ ತಂತಿಯ ಉಂಗುರ) ತೆಗೆಯಲು ಚೂಪು ತುದಿಯ ಸಣ್ಣ ಸ್ಕ್ರೂಡ್ರೈವರ್, ವರ್ನಿಯರ್, ಅಳತೆ ಟೇಪು, ಮಿ.ಲೀ. ಗುರುತಿರುವ ಜಾರು, ದೊಡ್ಡ ಸಿರಿಂಜು ಮತ್ತು ಅದಕ್ಕೆ ಕೂರುವ ಸಣ್ಣ ಪೈಪು. ಸೀಲ್ ಹೊಡೆಯಲು ಫೋರ್ಕ್ ಪೈಪಿನ ಮೇಲೆ ಸಲೀಸಾಗಿ ಜಾರುವ ಪಿವಿಸಿ ಪೈಪಿನ ತುಂಡು ಸಾಕು, ತುದಿ ಮಾತ್ರ ನೇರವಾಗಿ ಕತ್ತರಿಸಿರಬೇಕು. ನಡು ಸ್ಟ್ಯಾಂಡ್ ಇಲ್ಲದ ಗಾಡಿಗೆ ಎಂಜಿನ್ ಕೆಳಗೆ ಜ್ಯಾಕ್, ಜೊತೆಗೆ ಮೇಲಿಂದ ಕಟ್ಟಲು ಹಗ್ಗ.

ಹೊಸದಾಗಿ ತರಬೇಕಾದವು: ಆಯಿಲ್ ಸೀಲ್, ಡಸ್ಟ್ ಸೀಲ್, ಕೆಳಬೋಲ್ಟಿನ ತಾಮ್ರದ ವಾಷರ್, ಫೋರ್ಕ್ ಆಯಿಲ್. ಎಲ್ಲವೂ ಜೋಡಿ ಲೆಕ್ಕದಲ್ಲಿ. ಸೋರುತ್ತಿರುವುದು ಒಂದೇ ಕಡೆಯಾದರೂ ಎರಡೂ ಕಾಲಿನ ಸೀಲ್ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯವರು ಗಾಡಿಯ ಹೆಸರು ಕೇಳಿ ಸೀಲ್ ಕೊಡುತ್ತಾರೆ. ಅದರ ಮೇಲೆ 37×50×11 ಎಂಬಂತೆ ಒಳ ವ್ಯಾಸ, ಹೊರ ವ್ಯಾಸ, ಎತ್ತರ ಅಚ್ಚಾಗಿರುತ್ತದೆ. ಹಳೆಯ ಸೀಲಿನ ಜೊತೆ ಆ ಮೂರನ್ನೂ ತಾಳೆ ನೋಡಿ ತನ್ನಿ.

ನಿಮ್ಮ ಮಾಡೆಲ್‌ನ ಸರ್ವಿಸ್ ಕೈಪಿಡಿಯೂ ಬೇಕು. ಆಯಿಲ್ ಪ್ರಮಾಣ, ಆಯಿಲ್ ಮಟ್ಟ, ಬೋಲ್ಟುಗಳ ಟಾರ್ಕ್ ಇವು ಗಾಡಿಯಿಂದ ಗಾಡಿಗೆ ಬೇರೆ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಬದಲಾದರೆ ಬೇರೆಯಾಗುವುದುಂಟು.

## ಹಂತ 1: ತಪ್ಪು ಸಸ್ಪೆನ್ಶನ್‌ನದೇ ಎಂದು ಖಚಿತಪಡಿಸಿಕೊಳ್ಳಿ

ಮೊದಲು ಟೈರಿನ ಗಾಳಿ ನೋಡಿ. ಗಾಳಿ ಜಾಸ್ತಿಯಾದರೆ ಶಾಕ್ ಗಟ್ಟಿ ಅನ್ನಿಸುತ್ತದೆ, ಕಡಿಮೆಯಾದರೆ ಹ್ಯಾಂಡಲ್ ಎಳೆದಂತಾಗುತ್ತದೆ.

ಮುಂದಿನ ಚಕ್ರ ನೆಲದಿಂದ ಎತ್ತಿ, ಹ್ಯಾಂಡಲನ್ನು ಬೆರಳ ತುದಿಯಲ್ಲಿ ಎಡಬಲಕ್ಕೆ ತಿರುಗಿಸಿ. ನಡುವೆ ಬಂದಾಗ 'ಟಕ್' ಎಂದು ಕುಳಿಯಲ್ಲಿ ಕೂತ ಹಾಗೆ ಆದರೆ ಕೋನ್ ಸೆಟ್ (ಸ್ಟೀರಿಂಗ್ ಕತ್ತಿನ ಬೇರಿಂಗ್) ಹೋಗಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಆಟ ಸಿಕ್ಕರೆ ಕೋನ್ ಸೆಟ್ ಸಡಿಲವಾಗಿರಬಹುದು, ಅಥವಾ ಫೋರ್ಕ್ ಒಳಗಿನ ಬುಷ್ (ಪೈಪ್ ಜಾರಲು ಇರುವ ಉಂಗುರ) ಸವೆದಿರಬಹುದು. ಇನ್ನೊಂದು ಕೈಯ ಬೆರಳನ್ನು ಸ್ಟೀರಿಂಗ್ ಕತ್ತಿನ ಸಂದಿಯ ಮೇಲೆ ಇಟ್ಟುಕೊಂಡರೆ ಅಲ್ಲಾಟ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ಹಿಂದಿನ ಚಕ್ರ ಎತ್ತಿ, ಆ ಚಕ್ರವನ್ನು ಹಿಡಿದಿರುವ ತೋಳನ್ನು, ಅಂದರೆ ಸ್ವಿಂಗ್ ಆರ್ಮನ್ನು, ಅಡ್ಡಡ್ಡ ಎಳೆದು ನೋಡಿ. ಅಲ್ಲಿ ಆಟವಿದ್ದರೆ ಎಂಥ ಶಾಕ್ ಹಾಕಿದರೂ ತಿರುವಿನಲ್ಲಿ ಗಾಡಿ ಹಾವಿನಂತೆ ಹೊರಳುತ್ತದೆ.

ಸೋರುವ ಸೀಲನ್ನು ಬದಲಿಸುವ ಮುಂಚೆ ಒಮ್ಮೆ ಸ್ವಚ್ಛ ಮಾಡಿ ನೋಡಿ. ವಾಟರ್ ಸರ್ವಿಸ್‌ನಲ್ಲಿ ಜೋರು ನೀರಿನ ಪಿಚಕಾರಿ ಡಸ್ಟ್ ಸೀಲಿಗೇ ಹಿಡಿದಾಗ ಕೆಂಪು ಮಣ್ಣು ಒಳಗೆ ಸೇರಿ ಸೀಲಿನ ತುಟಿಯನ್ನು ಎತ್ತಿ ಹಿಡಿಯುತ್ತದೆ. ಡಸ್ಟ್ ಸೀಲನ್ನು ಮೆಲ್ಲಗೆ ಮೀಟಿ ಕೆಳಗಿಳಿಸಿ, ಅಲ್ಲಿನ ಮಣ್ಣು ಒರೆಸಿ. ಹಳೆಯ ಎಕ್ಸ್-ರೇ ಹಾಳೆಯನ್ನು ಕೊಕ್ಕೆಯ ಆಕಾರಕ್ಕೆ ಕತ್ತರಿಸಿ, ಪೈಪಿಗೂ ಸೀಲಿಗೂ ನಡುವೆ ತೂರಿಸಿ ಸುತ್ತ ಒಂದು ಸುತ್ತು ಎಳೆದು ತನ್ನಿ. ಕಸ ಅಂಟಿಕೊಂಡು ಬರುತ್ತದೆ. ಒರೆಸಿ ಎರಡು ದಿನ ಓಡಿಸಿ. ಸೋರಿಕೆ ನಿಂತರೆ ಆಯಿಲ್ ಎಷ್ಟು ಉಳಿದಿದೆ ಎಂದಷ್ಟೇ ನೋಡಿಕೊಂಡರೆ ಸಾಕು. ಲೋಹದ ಕಡ್ಡಿ, ಬ್ಲೇಡು ಮಾತ್ರ ತೂರಿಸಬೇಡಿ. ಆಮೇಲೆ ಸೀಲ್ ಬದಲಿಸಲೇಬೇಕಾಗುತ್ತದೆ.

## ಹಂತ 2: ಸ್ಯಾಗ್ ಅಳೆಯಿರಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಸ್ಪ್ರಿಂಗ್ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಸ್ಯಾಗ್ ಎಂದರೆ ಭಾರಕ್ಕೆ ಸಸ್ಪೆನ್ಶನ್ ಕುಸಿಯುವ ಪ್ರಮಾಣ. ಗಾಡಿ ತನ್ನದೇ ತೂಕಕ್ಕೆ ಕುಸಿಯುವುದು ಖಾಲಿ ಸ್ಯಾಗ್. ಹೆಲ್ಮೆಟ್, ಜಾಕೆಟ್, ಬ್ಯಾಗ್ ಸಮೇತ ನೀವು ಕೂತಾಗ ಕುಸಿಯುವುದು ಸವಾರನ ಸ್ಯಾಗ್. ಅಳೆಯಲು ಇಬ್ಬರು ಜೊತೆಗಿರಬೇಕು.

ಹಿಂದೆ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಪಕ್ಕ ಒಂದು ಕಡೆ ಟೇಪಿನಿಂದ ಗುರುತು ಮಾಡಿ. ಚಕ್ರ ಗಾಳಿಯಲ್ಲಿ ತೂಗುವಂತೆ ಗಾಡಿ ಎತ್ತಿ ಮೊದಲ ಅಳತೆ ತೆಗೆಯಿರಿ. ಕೆಳಗಿಳಿಸಿ, ಗಾಡಿ ನೆಟ್ಟಗೆ ನಿಂತಿರುವಾಗ ಖಾಲಿ ಅಳತೆ. ಆಮೇಲೆ ನೀವು ಕೂತು, ಕಾಲು ಫುಟ್‌ರೆಸ್ಟ್ ಮೇಲಿಟ್ಟು ಮೂರನೆಯ ಅಳತೆ. ಮೊದಲ ಅಳತೆ 600 ಮಿ.ಮೀ., ನೀವು ಕೂತಾಗ 548 ಬಂದರೆ ಸವಾರನ ಸ್ಯಾಗ್ 52.

ಪ್ರತಿ ಅಳತೆಯನ್ನೂ ಎರಡು ಸಲ ತೆಗೆಯಬೇಕು: ಒಮ್ಮೆ ಗಾಡಿಯನ್ನು ಒತ್ತಿ ತಾನಾಗಿ ಮೇಲೇಳಲು ಬಿಟ್ಟು, ಇನ್ನೊಮ್ಮೆ ಎತ್ತಿ ತಾನಾಗಿ ಇಳಿಯಲು ಬಿಟ್ಟು. ಎರಡರ ಸರಾಸರಿಯೇ ನಿಜವಾದ ಅಳತೆ. ಇವೆರಡರ ವ್ಯತ್ಯಾಸವನ್ನೂ ಬರೆದಿಡಿ, ಅದು ಒಳಗಿನ ಹಿಡಿತದ ಲೆಕ್ಕ. ಮುಂದೆ 10 ಮಿ.ಮೀ. ಒಳಗಿದ್ದರೆ ಚಿಂತೆ ಬೇಡ. 20 ದಾಟಿದರೆ ಪೈಪ್ ಬಾಗಿದೆ, ಬುಷ್ ಹಿಡಿಯುತ್ತಿದೆ, ಇಲ್ಲವೇ ಎರಡು ಕಾಲುಗಳು ಸಮಾನಾಂತರವಾಗಿ ಕೂತಿಲ್ಲ. ಸ್ಪ್ರಿಂಗ್ ಬದಲಿಸಿದರೆ ಅದು ಹೋಗುವುದಿಲ್ಲ.

ಸವಾರನ ಸ್ಯಾಗ್ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗದ ಹತ್ತಿರ ಇರಲಿ. ಬರೀ ಟಾರು ರಸ್ತೆಗಾದರೆ ಕಾಲು ಭಾಗದಷ್ಟಾದರೂ ನಡೆಯುತ್ತದೆ. ಎಕ್ಸ್‌ಪಲ್ಸ್ 200ರಲ್ಲಿ ಮುಂದಿನ ಚಲನೆ 190 ಮಿ.ಮೀ., ಹಿಂದೆ 170. ಹಾಗಾಗಿ ಮುಂದೆ 55ರಿಂದ 63, ಹಿಂದೆ 50ರಿಂದ 56 ಸಿಕ್ಕರೆ ಮಣ್ಣು ರಸ್ತೆಗೆ ಸರಿ. ಹಿಮಾಲಯನ್ 411ರಲ್ಲಿ ಒಟ್ಟು ಚಲನೆ ಮುಂದೆ 200, ಹಿಂದೆ 180.

ಇನ್ನು ಎಲ್ಲರೂ ಎಡವುವ ಜಾಗ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಬಿಗಿಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರದಲ್ಲಿ ನಿಲ್ಲುತ್ತದೆ ಅಷ್ಟೇ. ಹಿಂದಿನ ಪ್ರಿಲೋಡನ್ನು ಕೊನೆಯ ಮೆಟ್ಟಿಲಿಗೆ ಏರಿಸಿ ಸವಾರನ ಸ್ಯಾಗ್ ಸರಿಯಾಯಿತು, ಆದರೆ ಖಾಲಿ ಗಾಡಿ ಒಂದಿಷ್ಟೂ ಕುಸಿಯುತ್ತಿಲ್ಲ ಎಂದಾದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆದು. ಗಟ್ಟಿ ಸ್ಪ್ರಿಂಗ್ ಬೇಕು. ಸವಾರನ ಸ್ಯಾಗ್ ಸರಿಯಿದ್ದೂ ಖಾಲಿ ಗಾಡಿಯೇ 30, 35 ಮಿ.ಮೀ. ಕುಸಿಯುತ್ತಿದ್ದರೆ ಸ್ಪ್ರಿಂಗ್ ನಿಮಗೆ ಗಟ್ಟಿಯಾಯಿತು. ಹಿಂದೆ ಖಾಲಿ ಸ್ಯಾಗ್ 15ರಿಂದ 25ರ ನಡುವೆ ಇರುವಾಗಲೇ ಸವಾರನ ಸ್ಯಾಗ್ ಕೂಡ ಸರಿಬಂದರೆ ಸ್ಪ್ರಿಂಗ್ ಕೊಳ್ಳುವ ಖರ್ಚು ಉಳಿಯಿತು.

## ಹಂತ 3: ಬಿಚ್ಚುವ ಕ್ರಮ

ಗಾಡಿ ನೆಲದ ಮೇಲಿರುವಾಗಲೇ ಮಾಡಬೇಕಾದ ಕೆಲಸ ಎರಡಿವೆ. ಫೋರ್ಕ್ ಕೈಗೆ ಬಂದ ಮೇಲೆ ಇವನ್ನು ಮಾಡಲು ಹೊರಟವರು ಅರ್ಧ ದಿನ ಕಳೆಯುತ್ತಾರೆ.

ಒಂದು, ಪೈಪನ್ನು ಹಿಡಿದಿರುವ ಮೇಲಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಆಮೇಲೆ ಫೋರ್ಕಿನ ಮೇಲ್ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ. ಕ್ಲ್ಯಾಂಪ್ ಬಿಗಿಯಿದ್ದಾಗ ಅದು ಮುಚ್ಚಳದ ಥ್ರೆಡ್ಡನ್ನೇ ಹಿಡಿದಿರುತ್ತದೆ. ಆಗ ಬಲ ಹಾಕಿದರೆ ಥ್ರೆಡ್ ಕೆಡುತ್ತದೆ. ಕೆಳಗಿನ ಕ್ಲ್ಯಾಂಪ್ ಬಿಗಿಯಾಗಿಯೇ ಇರಲಿ.

ಎರಡು, ಫೋರ್ಕಿನ ತಳದಲ್ಲಿರುವ ಆಲನ್ ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಸ್ವಲ್ಪ ಸಡಿಲಿಸಿ. ಒಳಗಿನ ಡ್ಯಾಂಪರ್ ರಾಡ್ (ಆಯಿಲ್ ಹರಿವನ್ನು ತಡೆಯುವ ತೂತುಗಳಿರುವ ರಾಡ್) ತಿರುಗದಂತೆ ಹಿಡಿದಿರುವುದು ಸ್ಪ್ರಿಂಗಿನ ಒತ್ತಡವೇ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ತಿರುಗಿಸಿದರೆ ರಾಡೂ ಜೊತೆಗೇ ಗಿರಗಿರ ತಿರುಗುತ್ತದೆ. ಬೋಲ್ಟ್ ಸಡಿಲಾದೊಡನೆ ಆಯಿಲ್ ಜಿನುಗುವುದರಿಂದ ಕೆಳಗೆ ತಟ್ಟೆ ಇಡಿ.

ಈಗ ಗಾಡಿ ಎತ್ತಿ, ಹಿಂಭಾಗ ಜಾರದಂತೆ ಕಟ್ಟಿ. ಕ್ಯಾಲಿಪರ್ ಬಿಚ್ಚಿ ತಂತಿಯಿಂದ ನೇತುಹಾಕಿ, ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಪ್ಯಾಡುಗಳ ನಡುವೆ ಮರದ ಚೂರು ಇಡಿ. ಡಿಸ್ಕ್ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಪಿಸ್ಟನ್ ಹೊರಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಲೇಬೇಡಿ. ಚಕ್ರ, ಮಡ್‌ಗಾರ್ಡ್ ತೆಗೆದು, ಪೈಪ್ ಮೇಲಿನ ಕ್ಲ್ಯಾಂಪಿನಿಂದ ಎಷ್ಟು ಮೇಲೆ ನಿಂತಿದೆ ಎಂದು ಅಳೆದು ಬರೆದುಕೊಂಡು, ಕೆಳಗಿನ ಕ್ಲ್ಯಾಂಪ್ ಸಡಿಲಿಸಿ ಫೋರ್ಕ್ ಇಳಿಸಿ.

ಮೇಲ್ಮುಚ್ಚಳ ಬಿಚ್ಚುವಾಗ ಮುಖ ಪಕ್ಕಕ್ಕಿರಲಿ. ಕೊನೆಯ ಎಳೆ ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಚಿಮ್ಮಿಸುತ್ತದೆ. ಸ್ಪ್ರಿಂಗಿನ ಒತ್ತಾದ ಸುರುಳಿ ಮೇಲಿತ್ತೋ ಕೆಳಗಿತ್ತೋ ಫೋಟೋ ತೆಗೆದಿಡಿ. ಆಯಿಲ್ ಬಗ್ಗಿಸಿ, ಹತ್ತಾರು ಸಲ ಪಂಪ್ ಮಾಡಿ ಪೂರ್ತಿ ಇಳಿಸಿ. ಇಳಿದ ಆಯಿಲ್ ಹಾಲು ಬೆರೆತ ಹಾಗಿದ್ದರೆ ನೀರು ಸೇರಿದೆ. ಬೂದು ಬಣ್ಣಕ್ಕೆ ತಿರುಗಿ ಬಿಸಿಲಿಗೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ.

ಡಸ್ಟ್ ಸೀಲ್ ತೆಗೆದರೆ ಕೆಳಗೆ ಸರ್ಕ್ಲಿಪ್ ಕಾಣುತ್ತದೆ. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಇದು ತುಕ್ಕು ಹಿಡಿದು ತಾನು ಕೂತ ತೋಡಿನಲ್ಲೇ ಬೇರು ಬಿಟ್ಟಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯುವುದೇ ದಾರಿ. ಸರ್ಕ್ಲಿಪ್ ಮತ್ತು ತಳದ ಬೋಲ್ಟ್ ಬಂದ ಮೇಲೆ ಪೈಪನ್ನು ಜೋರಾಗಿ ಹೊರಕ್ಕೆ ಎಳೆದೆಳೆದು ಜಗ್ಗಿ. ಬುಷ್ ತಾಗಿ ತಾಗಿ ಸೀಲನ್ನು ಹೊರಗೆ ತರುತ್ತದೆ. ಸ್ಕ್ರೂಡ್ರೈವರ್ ಹಾಕಿ ಸೀಲ್ ಮೀಟಿದರೆ ಅಲ್ಯೂಮಿನಿಯಂ ಬಾಟಮ್ ಕೇಸಿನ (ಕೆಳಗಿನ ಹೊರಕೊಳವೆಯ) ಅಂಚು ಗೀರುತ್ತದೆ, ಹೊಸ ಸೀಲ್ ಅಲ್ಲಿಂದಲೇ ಸೋರುತ್ತದೆ.

## ಹಂತ 4: ಸವೆತ ನೋಡಿ

ಸೀಲ್ ಮತ್ತೆ ಮತ್ತೆ ಸೋರುವ ಗುಟ್ಟು ಸಾಮಾನ್ಯವಾಗಿ ಪೈಪಿನಲ್ಲೇ ಇರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಬೆಳಕಿಗೆ ಹಿಡಿದು, ಸೀಲ್ ಓಡಾಡುವ ಭಾಗದ ಉದ್ದಕ್ಕೂ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಕುಳಿಯೋ ಕಲ್ಲೇಟಿನ ಗುರುತೋ ಇದೆ. ಪ್ರತಿ ಗುಂಡಿಗೂ ಆ ಚೂಪು ಅಂಚು ಸೀಲಿನ ತುಟಿಯನ್ನು ಕೆರೆಯುತ್ತದೆ. ಒಂದೆರಡು ಸಣ್ಣ ಚುಕ್ಕೆಗಳಾದರೆ 1500 ಅಥವಾ 2000 ನಂಬರಿನ ವಾಟರ್ ಪೇಪರಿನಿಂದ, ಆಯಿಲ್ ಹಚ್ಚಿ, ಎದ್ದಿರುವ ಅಂಚನ್ನಷ್ಟೇ ನಯ ಮಾಡಬಹುದು. ಕ್ರೋಮ್ ಪದರವೇ ಎದ್ದಿದ್ದರೆ ಹೊಸ ಪೈಪ್, ಇಲ್ಲವೇ ಮತ್ತೆ ಹಾರ್ಡ್ ಕ್ರೋಮ್ ಮಾಡಿಸುವುದು. ಈ ಖರ್ಚು ಬೇಡ ಎಂದು ಮತ್ತೊಂದು ಸೀಲ್ ಹೊಡೆಯುವುದು ದುಡ್ಡು ದಂಡ.

ಪೈಪ್ ಬಾಗಿದೆಯೇ ಎಂದು ದಪ್ಪ ಗಾಜಿನ ಮೇಲೆ ಉರುಳಿಸಿ ಅಂದಾಜು ಮಾಡಬಹುದು. ಖಚಿತ ಅಳತೆಗೆ ಲೇತ್ ಅಂಗಡಿಗೆ ಒಯ್ಯಿರಿ. ಹಲವು ಕೈಪಿಡಿಗಳಲ್ಲಿ ಇದರ ಮಿತಿ 0.2 ಮಿ.ಮೀ. ಬಾಗಿದ ಪೈಪನ್ನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಕಣ್ಣಿಗೆ ಕಾಣುವಷ್ಟು ಬಾಗಿದ್ದನ್ನು ಹಾಗೆ ತಿದ್ದಿಸಿ ಹಾಕಿಕೊಳ್ಳಬೇಡಿ.

ಬುಷ್‌ಗಳ ಮೇಲಿನ ಬೂದು ಟೆಫ್ಲಾನ್ ಪದರ ಸವೆದು ತಾಮ್ರದ ಬಣ್ಣ ಮುಕ್ಕಾಲು ಭಾಗ ಕಂಡರೆ ಬದಲಿಸಿ. ಎರಡೂ ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿ ಉದ್ದ ಹೋಲಿಸಿ, ಕೈಪಿಡಿಯ ಕನಿಷ್ಠ ಮಿತಿಗಿಂತ ಗಿಡ್ಡವಾಗಿದ್ದರೆ ಜೋಡಿಯಾಗಿ ಬದಲಿಸಿ. ಸಣ್ಣ ಸ್ಯಾಗ್ ಕೊರತೆಗೆ ಸ್ಪೇಸರ್ ಸಾಕು: ಸ್ಪ್ರಿಂಗ್ ಮೇಲೆ 10 ಮಿ.ಮೀ. ಸ್ಪೇಸರ್ ಹಾಕಿದರೆ ಮುಂಭಾಗ ಸರಿಸುಮಾರು ಅಷ್ಟೇ ಮೇಲೆ ನಿಲ್ಲುತ್ತದೆ.

## ಹಂತ 5: ಸೀಲ್ ಹಾಕುವುದು

ಪೈಪಿನ ಮೇಲ್ತುದಿಯ ಅಂಚು ಚೂಪಾಗಿರುತ್ತದೆ. ಅದಕ್ಕೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಫೋರ್ಕ್ ಆಯಿಲ್ ಸವರಿ, ಅದರ ಮೇಲಿಂದ ಬುಷ್, ವಾಷರ್, ಆಯಿಲ್ ಸೀಲ್ ಇದೇ ಸಾಲಿನಲ್ಲಿ ಇಳಿಸಿ. ಆಯಿಲ್ ಸೀಲಿನ ಅಕ್ಷರ, ಅಂಕಿ ಇರುವ ಮುಖ ಮೇಲಕ್ಕೆ. ಬುಷ್ ಮತ್ತು ವಾಷರ್ ಕೂರಿಸಿದ ಮೇಲೆ ಪಿವಿಸಿ ತುಂಡಿನಿಂದ ಸುತ್ತಲೂ ಸಮವಾಗಿ ತಟ್ಟುತ್ತಾ ಸೀಲ್ ಇಳಿಸಿ. ಪೂರ್ತಿ ಕೂತಾಗ ತಟ್ಟುವ ಸದ್ದು ಗಟ್ಟಿಯಾಗುತ್ತದೆ, ಸರ್ಕ್ಲಿಪ್ ಕೂರುವ ತೋಡು ಸುತ್ತಲೂ ಕಾಣುತ್ತದೆ. ಒಂದು ಕಡೆ ಮಾತ್ರ ಕಂಡರೆ ಸೀಲ್ ಓರೆಯಾಗಿದೆ. ಸುತ್ತಲೂ ಕಂಡ ಮೇಲೆ ಸರ್ಕ್ಲಿಪ್, ಕೊನೆಗೆ ಡಸ್ಟ್ ಸೀಲ್ ಕೂರಿಸಿ.

ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರ್, ಥ್ರೆಡ್ಡಿಗೆ ಎರಡು ಹನಿ ಥ್ರೆಡ್ ಲಾಕರ್. ರಾಡ್ ತಿರುಗಿದರೆ ಸ್ಪ್ರಿಂಗ್ ಮತ್ತು ಮುಚ್ಚಳ ತಾತ್ಕಾಲಿಕವಾಗಿ ಹಾಕಿ ಬಿಗಿಮಾಡಿಕೊಳ್ಳಿ.

## ಹಂತ 6: ಆಯಿಲ್

ಬಹಳ ಗ್ಯಾರೇಜುಗಳಲ್ಲಿ ಫೋರ್ಕಿಗೆ 20W-40 ಎಂಜಿನ್ ಆಯಿಲ್ ಸುರಿಯುವ ಅಭ್ಯಾಸವಿದೆ. ಸಾಮಾನ್ಯ 10 ನಂಬರ್ ಫೋರ್ಕ್ ಆಯಿಲಿಗಿಂತ ಅದು ಮೂರು ಪಟ್ಟಿಗೂ ಹೆಚ್ಚು ದಪ್ಪ. ರಾಡಿನ ಸಣ್ಣ ತೂತುಗಳಲ್ಲಿ ಬೇಗ ಹರಿಯಲಾರದು. ಗುಂಡಿಗೆ ಬಿದ್ದಾಗ ಫೋರ್ಕ್ ಒಳಹೋಗುವುದಿಲ್ಲ, ಒಳಹೋದದ್ದು ಮುಂದಿನ ಗುಂಡಿ ಬರುವುದರೊಳಗೆ ಹೊರಬರುವುದಿಲ್ಲ. ಸಾಲು ಹಂಪುಗಳ ಮೇಲೆ ಮುಂಭಾಗ ಕುಸಿಯುತ್ತಾ ಹೋಗುವುದು ಇದರಿಂದಲೇ.

ಫೋರ್ಕ್ ಆಯಿಲ್‌ಗಳಲ್ಲೂ ಡಬ್ಬದ ಮೇಲಿನ ನಂಬರನ್ನು ಪೂರ್ತಿ ನಂಬುವಂತಿಲ್ಲ. ಒಂದು ಕಂಪನಿಯ 10 ಇನ್ನೊಂದರ 10ಕ್ಕಿಂತ ತೆಳುವಾಗಿರಬಹುದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಮಾನ) ಎಂದು ಕಂಪನಿಯ ಮಾಹಿತಿ ಪತ್ರದಲ್ಲಿರುತ್ತದೆ, ಹೋಲಿಸುವುದಾದರೆ ಅದನ್ನು ಹೋಲಿಸಿ. ಮೊದಲ ಸಲ ಕೈಪಿಡಿ ಹೇಳಿದ್ದನ್ನೇ ಹಾಕಿ.

ಅಳತೆಯಷ್ಟು ಸುರಿದು, ಪೈಪನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾ ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿಸಿ, ಹತ್ತು ನಿಮಿಷ ಹಾಗೇ ನಿಲ್ಲಿಸಿ. ನಂತರ ಸ್ಪ್ರಿಂಗ್ ಇಲ್ಲದೆ, ಫೋರ್ಕ್ ಪೂರ್ತಿ ಒತ್ತಿ ನೆಟ್ಟಗೆ ಹಿಡಿದು, ಪೈಪಿನ ಅಂಚಿನಿಂದ ಆಯಿಲ್ ಮೇಲ್ಮೈಗೆ ಎಷ್ಟು ಮಿ.ಮೀ. ಎಂದು ಅಳೆಯಿರಿ. ಸಿರಿಂಜಿನ ಪೈಪಿಗೆ ಕೈಪಿಡಿಯ ಅಳತೆಯಲ್ಲಿ ಗುರುತು ಮಾಡಿಕೊಂಡು, ಸ್ವಲ್ಪ ಜಾಸ್ತಿ ಸುರಿದು, ಹೆಚ್ಚಾದದ್ದನ್ನು ಹೀರಿದರೆ ಎರಡೂ ಕಾಲುಗಳಲ್ಲಿ ಮಟ್ಟ ಒಂದೇ ಬರುತ್ತದೆ. ಮಿ.ಲೀ. ಲೆಕ್ಕ ಒಂದನ್ನೇ ನಂಬಿದರೆ ಒಳಗೆ ಉಳಿದ ಹಳೆಯ ಆಯಿಲ್ ಲೆಕ್ಕ ತಪ್ಪಿಸುತ್ತದೆ.

ಜೋರು ಬ್ರೇಕಿಗೆ ಫೋರ್ಕ್ ತಳ ಬಡಿಯುತ್ತಿದ್ದರೆ ಆಯಿಲ್ ಮಟ್ಟವನ್ನು 5 ಮಿ.ಮೀ. ಏರಿಸಿ ನೋಡಬಹುದು. ಮೇಲಿನ ಗಾಳಿಯ ಜಾಗ ಕಡಿಮೆಯಾದಷ್ಟೂ ಚಲನೆಯ ಕೊನೆಯ ಭಾಗ ಗಟ್ಟಿಯಾಗುತ್ತದೆ, ಮೊದಲ ಭಾಗ ಹೆಚ್ಚು ಬದಲಾಗುವುದಿಲ್ಲ. ಆಸೆಗೆ ಬಿದ್ದು ಹೆಚ್ಚು ಏರಿಸಿದರೆ ಒತ್ತಡಕ್ಕೆ ಸೀಲೇ ಹಾರುತ್ತದೆ.

## ಹಂತ 7: ಜೋಡಣೆ, ಮುಖ್ಯವಾಗಿ ಆಕ್ಸಲ್

ಬರೆದಿಟ್ಟ ಎತ್ತರಕ್ಕೆ ಪೈಪ್ ತಂದು ಕೆಳಗಿನ ಕ್ಲ್ಯಾಂಪ್ ಬಿಗಿಮಾಡಿ, ಆಮೇಲೆ ಮೇಲ್ಮುಚ್ಚಳ, ಕೊನೆಗೆ ಮೇಲಿನ ಕ್ಲ್ಯಾಂಪ್.

ಚಕ್ರ ಹಾಕಿ ಆಕ್ಸಲ್ ನಟ್ ಬಿಗಿಮಾಡಿ. ಆಕ್ಸಲ್ ಹಿಡಿಯುವ ಪಿಂಚ್ ಬೋಲ್ಟ್ ಇರುವ ಗಾಡಿಯಾದರೆ ಅದನ್ನು ಈಗಲೇ ಮುಟ್ಟಬೇಡಿ. ಕ್ಯಾಲಿಪರ್ ಹಾಕಿ, ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ, ಗಾಡಿ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಜೋರಾಗಿ ಒತ್ತಿ ಬಿಡಿ. ಆಗ ಕಾಲು ಆಕ್ಸಲ್ ಮೇಲೆ ಜಾರಿ ತನ್ನ ಜಾಗದಲ್ಲಿ ಕೂರುತ್ತದೆ. ಪಿಂಚ್ ಬೋಲ್ಟ್ ಬಿಗಿಮಾಡುವುದು ಅದಾದ ಮೇಲೆ. ಮೊದಲೇ ಬಿಗಿಮಾಡಿದರೆ ಎರಡು ಕಾಲುಗಳು ಒಂದಕ್ಕೊಂದು ಎಳೆದುಕೊಂಡು ನಿಲ್ಲುತ್ತವೆ, ಬುಷ್ ಒಂದೇ ಪಕ್ಕಕ್ಕೆ ಸವೆಯುತ್ತದೆ. ಎರಡನೇ ಹಂತದ ಅಳತೆ ಮತ್ತೆ ತೆಗೆದರೆ ಆ ಹಿಡಿತ ಅಂಕಿಯಲ್ಲೇ ಕಾಣುತ್ತದೆ.

## ಹಂತ 8: ಹಿಂದಿನ ಶಾಕ್

ಇಲ್ಲಿ ಮನೆಯ ಕೆಲಸ ಕಡಿಮೆ. ಗ್ಯಾಸ್ ತುಂಬಿದ ಮೋನೋಶಾಕ್‌ನೊಳಗೆ (ಹಿಂದಿನ ಒಂಟಿ ಶಾಕ್) ಹೆಚ್ಚು ಒತ್ತಡದ ನೈಟ್ರೋಜನ್ ಇರುತ್ತದೆ. ಅದನ್ನು ಕೊರೆಯುವುದು, ಬಿಸಿ ಮಾಡುವುದು, ಮುಚ್ಚಳ ಬಿಚ್ಚುವುದು ಬೇಡ. ಮತ್ತೆ ಗ್ಯಾಸ್ ತುಂಬುವ ಸೌಕರ್ಯವಿರುವ ಸಸ್ಪೆನ್ಶನ್ ತಜ್ಞರಿಗೇ ಕೊಡಿ. ಹಲವು ಶಾಕ್‌ಗಳನ್ನು ಬಿಚ್ಚಲು ಬರುವಂತೆ ಮಾಡಿರುವುದೇ ಇಲ್ಲ. ಅಂಥವು ಸೋತರೆ ಬದಲಿಸಬೇಕಷ್ಟೆ.

ನಿಮ್ಮ ಕೈಲಾಗುವುದು ಸ್ವಿಂಗ್ ಆರ್ಮ್‌ನ ಬುಷ್, ಮತ್ತು ಲಿಂಕೇಜ್ (ಶಾಕಿಗೂ ಸ್ವಿಂಗ್ ಆರ್ಮಿಗೂ ನಡುವಿನ ಕೊಂಡಿ) ಇದ್ದರೆ ಅದರ ಬುಷ್, ಬೇರಿಂಗ್ ತೆಗೆದು, ತೊಳೆದು, ಹೊಸ ಗ್ರೀಸ್ ಹಚ್ಚುವುದು. ಮಳೆಗಾಲದಲ್ಲಿ ಓಡಿದ ಗಾಡಿಯಲ್ಲಿ ಆ ಜಾಗ ಒಣಗಿ ಕೆಂಪಾಗಿರುತ್ತದೆ, "ಶಾಕ್ ಗಟ್ಟಿಯಾಗಿದೆ" ಎಂಬ ದೂರು ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ಪ್ರಿಲೋಡನ್ನು ಹುಕ್ ಸ್ಪ್ಯಾನರಿನಿಂದ ಒಂದೊಂದೇ ಮೆಟ್ಟಿಲು ಬದಲಿಸಿ ಸ್ಯಾಗ್ ಅಳೆಯಿರಿ. ಎತ್ತರ ಬದಲಾದರೆ ಚೈನಿನ ಸಡಿಲ, ಹೆಡ್‌ಲೈಟಿನ ದಿಕ್ಕು ಎರಡನ್ನೂ ಮತ್ತೆ ನೋಡಬೇಕು.

## ಹಂತ 9: ಹೊಂದಿಸುವುದು

ರೀಬೌಂಡ್ (ಒತ್ತಿದ ಶಾಕ್ ಮೇಲೇಳುವುದಕ್ಕೆ ತಡೆ), ಕಂಪ್ರೆಶನ್ (ಒಳಹೋಗುವುದಕ್ಕೆ ತಡೆ) ಸ್ಕ್ರೂಗಳಿದ್ದರೆ ಪೂರ್ತಿ ಒಳಗೆ ತಿರುಗಿಸಿ ಕ್ಲಿಕ್ ಎಣಿಸಿ ಈಗಿನ ಸ್ಥಿತಿ ಬರೆದಿಡಿ. ಕೊನೆ ತಲುಪಿದಾಗ ಬಲ ಹಾಕಬೇಡಿ. ಗೊತ್ತಿರುವ ಒಂದೇ ರಸ್ತೆಯಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಕ್ಲಿಕ್. ಗುಂಡಿ ದಾಟಿದ ಮೇಲೆ ಗಾಡಿ ಒಂದಕ್ಕಿಂತ ಹೆಚ್ಚು ಸಲ ಪುಟಿದರೆ ರೀಬೌಂಡ್ ಕಡಿಮೆಯಿದೆ. ಸಾಲು ಗುಂಡಿಗಳಲ್ಲಿ ಕುಸಿಯುತ್ತಾ ಹೋದರೆ ಹೆಚ್ಚಿದೆ. ಸ್ಕ್ರೂ ಇಲ್ಲದ ಗಾಡಿಯಲ್ಲಿ ಈ ಕೆಲಸ ಆಯಿಲ್ ಬದಲಾವಣೆಯಿಂದಲೇ ಆಗಬೇಕು.

## ಮೊದಲ 50 ಕಿ.ಮೀ. ಮತ್ತು ಗಾಡಿ ನಿಲ್ಲಿಸಬೇಕಾದ ಲಕ್ಷಣಗಳು

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಬ್ರೇಕ್ ಪರೀಕ್ಷಿಸಿದ ಮೇಲೆಯೇ ವೇಗ ಹೆಚ್ಚಿಸಿ. 50 ಕಿ.ಮೀ. ಆದ ಮೇಲೆ ಕ್ಲ್ಯಾಂಪ್, ಆಕ್ಸಲ್, ಕ್ಯಾಲಿಪರ್ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಮೊದಲ ದಿನ ಪೈಪಿನ ಮೇಲೆ ತೆಳು ಪಸೆ ಕಂಡರೆ ಅದು ಜೋಡಿಸುವಾಗ ಹಚ್ಚಿದ ಆಯಿಲ್; ಒರೆಸಿದ ಮೇಲೂ ಉಂಗುರದಂತೆ ಮತ್ತೆ ಮತ್ತೆ ಮೂಡಿದರೆ ಸೋರಿಕೆ.

ಡಿಸ್ಕ್ ಅಥವಾ ಪ್ಯಾಡಿನ ಮೇಲೆ ಆಯಿಲ್ ಬಿದ್ದಿದ್ದರೆ ಗಾಡಿ ಓಡಿಸಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬಹುದು, ಆಯಿಲ್ ಕುಡಿದ ಪ್ಯಾಡ್ ಬದಲಿಸಲೇಬೇಕು. ಬ್ರೇಕ್ ಹಿಡಿದಾಗ ಮುಂದಿನಿಂದ 'ಟಣ್' ಎಂಬ ಸದ್ದು, ಕೈಬಿಟ್ಟರೆ ಹ್ಯಾಂಡಲ್ ಒಂದೇ ಕಡೆ ವಾಲುವುದು, ಒತ್ತಿದ ಫೋರ್ಕ್ ಅರ್ಧದಲ್ಲೇ ನಿಂತು ಆಮೇಲೆ ಜಿಗಿಯುವುದು: ಇವುಗಳಲ್ಲಿ ಯಾವುದು ಕಂಡರೂ ಮತ್ತೆ ಬಿಚ್ಚಿ ಏಳನೇ ಹಂತದಿಂದ ಹಿಂದಕ್ಕೆ ಪರೀಕ್ಷಿಸುತ್ತಾ ಬನ್ನಿ. ಸ್ವಿಂಗ್ ಆರ್ಮಿನ ಬೆಸುಗೆಯಲ್ಲೋ ಕ್ಲ್ಯಾಂಪಿನ ಬುಡದಲ್ಲೋ ಕೂದಲೆಳೆಯಷ್ಟು ಬಿರುಕು ಕಂಡರೂ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗಿ.